ಬಂಬ ಹಿತ್ತಲಲ್ಲಿರಲಿ, ಗ್ಯಾಸ್ ಅಡುಗೆಮನೆಯಲ್ಲಿರಲಿ

ದಸರೆ ಮುಗಿದ ಮರುದಿನ ಪುಣೆಯಿಂದ ಮಗ ಫೋನ್ ಮಾಡಿದ. "ಅವ್ವಾ, ದೀಪಾವಳಿ ಒಳಗ ಬಚ್ಚಲಿಗೆ ಗ್ಯಾಸ್ ಗೀಜರ್ ಹಾಕಿಸಿಬಿಡೂಣು. ಆಯಿಗೆ ಈ ವಯಸ್ಸಿನ್ಯಾಗ ಹೊಗಿ ಬ್ಯಾಡ. ಆ ಬಂಬ ತೂಕಕ್ಕ ಹಾಕು, ತಾಮ್ರಕ್ಕ ಛಲೋ ರೇಟ್ ಐತಿ." ಫೋನಿನ ಸ್ಪೀಕರ್ ಹಚ್ಚಿತ್ತು. ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಅಂದರು: "ಬಂಬಾ ಮಾರೂದಿದ್ರ ನನ್ನೂ ಅದರ ಜೋಡಿ ತೂಕಕ್ಕ ಹಾಕ್ರಿ."

ಅತ್ತೆಗೆ ಈಗ ಎಂಬತ್ಮೂರು. ನಾನು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿ ನಿವೃತ್ತಳಾದವಳು. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ ತಾಲೂಕಿನ ನಮ್ಮ ಮಂದ್ರೂಪದಲ್ಲಿ ಸ್ಲ್ಯಾಬಿನ ಮನೆ ಕಟ್ಟುವ ಪ್ರತಿಯೊಬ್ಬರೂ ಇವತ್ತು ಇದೇ ಪ್ರಶ್ನೆ ಎದುರಿಸುತ್ತಿದ್ದಾರೆ. ಹಳೆಯ ನೀರೊಲೆ ಕಿತ್ತು ಗ್ಯಾಸಿಗೆ ಹೋಗಬೇಕೋ ಬೇಡವೋ? ಪುಣೆ, ಸೊಲ್ಲಾಪುರದಲ್ಲಿರುವ ಮಕ್ಕಳು ಹೋಗಿಬಿಡಿ ಅನ್ನುತ್ತಾರೆ. ಮನೆಯ ಹಿರಿಯರು ಬೇಡ ಅನ್ನುತ್ತಾರೆ. ದಿನಾ ನಸುಕಿನಲ್ಲೆದ್ದು ಒಲೆ ಹೊತ್ತಿಸುವ ಸೊಸೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ನಲವತ್ತು ವರ್ಷ ಆ ಒಲೆ ಹೊತ್ತಿಸಿದವಳು ನಾನು. ಅದಕ್ಕೇ ಈ ಮಾತು ಹೇಳಲು ನನಗೆ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲು ಬಂಬದ ಮಾತು, ದಕ್ಷಿಣ ಕರ್ನಾಟಕದ ಓದುಗರಿಗೆ ಅದರ ಪರಿಚಯ ಇರಲಿಕ್ಕಿಲ್ಲ. ಅವರ ಕಡೆ ಬಚ್ಚಲಲ್ಲಿ ಹೂತ ಹಂಡೆ, ಅದರ ಕೆಳಗೆ ಒಲೆ. ನಮ್ಮ ಬಂಬ ನಿಂತ ತಾಮ್ರದ ಪೀಪಾಯಿಯಂಥದು, ಸೊಂಟದಷ್ಟು ಎತ್ತರ. ಅದರ ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಒಂದು ಕೊಳವೆ. ಬೆಂಕಿ ಉರಿಯುವುದು ಆ ಕೊಳವೆಯೊಳಗೆ, ನೀರು ನಿಲ್ಲುವುದು ಅದರ ಸುತ್ತ. ಕೆಳಗೆ ಬೂದಿ ಬೀಳುವ ಜಾಳಿಗೆ, ಪಕ್ಕದಲ್ಲಿ ನೀರು ಹೊಯ್ಯುವ ಬಾಯಿ, ಇನ್ನೊಂದು ಪಕ್ಕ ಬಿಸಿನೀರಿನ ತೋಟಿ. ಒಂದು ಕೊಡ ತಣ್ಣೀರು ಹೊಯ್ದರೆ ಅದು ತಳಕ್ಕೆ ಇಳಿಯುತ್ತದೆ, ಮೇಲಿದ್ದ ಬಿಸಿನೀರು ಅಷ್ಟೇ ಅಳತೆಗೆ ತೋಟಿಯಿಂದ ಹೊರಗೆ ಬರುತ್ತದೆ. ತಣ್ಣೀರು ಹಾಕದೆ ಬಿಸಿನೀರು ಕೊಡುವುದಿಲ್ಲ, ಹಾಗಾಗಿ ಅದು ಬರಿದಾಗಿ ಸುಡುವ ಭಯವೂ ಇಲ್ಲ. ಉರಿ ನೀರಿನ ನಡುವೆ ಇರುವುದರಿಂದ ಮೂರು ಕಲ್ಲಿನ ಒಲೆಯಲ್ಲಿ ಪಕ್ಕದಿಂದ ಸೋರಿಹೋಗುವ ಕಾವು ಇಲ್ಲಿ ನೀರಿಗೇ ಸೇರುತ್ತದೆ. ಇದನ್ನು ಮೊದಲು ಮಾಡಿದ ಕಂಚುಗಾರನ ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಆತ ಬುದ್ಧಿವಂತನಾಗಿದ್ದ. ನಮ್ಮ ಮನೆಯದನ್ನು ಮಾವನವರು ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡದ ಜಾತ್ರೆಯಿಂದ ತಂದದ್ದು. ದೀಪಾವಳಿಯಲ್ಲಿ ನೀರು ತುಂಬುವ ಸಂಜೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಸುಣ್ಣ ಕೆಮ್ಮಣ್ಣು ಬರೆದು, ಅದರ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕುವುದು ಇಂದಿಗೂ ಅತ್ತೆಯ ಕೆಲಸ.

ಬಂಬಕ್ಕೆ ನಾವು ಹಾಕುವುದು ತೊಗರಿ ಕಟ್ಟಿಗೆ. ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕಡ್ಡಿ ಅದು. ದನ ತಿನ್ನುವುದಿಲ್ಲ. ಎರಡು ಎಕರೆಯ ತೊಗರಿ ಕಟ್ಟಿಗೆ ಹಿತ್ತಲಲ್ಲಿ ಒಟ್ಟಿದರೆ ನಮ್ಮ ಆರು ಜನರ ಸ್ನಾನಕ್ಕೆ ವರ್ಷದ ಬಹುಪಾಲು ಸಾಗುತ್ತದೆ. ಉಳಿದದ್ದಕ್ಕೆ ಬಳ್ಳಾರಿ ಜಾಲಿ ಇದೆ, ಕಡಿದಷ್ಟೂ ಚಿಗಿಯುವ ಗಿಡ. 1972ರ ಬರದಲ್ಲಿ ನನಗೆ ಹನ್ನೊಂದು ವರ್ಷ. ನನ್ನ ತವರು ಅಕ್ಕಲಕೋಟೆ ತಾಲೂಕಿನ ದುಧನಿ ಕಡೆ. ಆ ವರ್ಷ ತೊಗರಿ ಇಲ್ಲ, ದನ ಇಲ್ಲ, ಕುಳ್ಳೂ ಇಲ್ಲ. ಅವ್ವ ನಮ್ಮನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಹಿಂದಿನ ವರ್ಷದ ಜೋಳದ ಕೂಳಿ ಅಗೆಸಿ, ಮಣ್ಣು ಬಡಿದು, ಅದರಿಂದಲೇ ಒಲೆ ಹೊತ್ತಿಸುತ್ತಿದ್ದಳು. ಒಲೆಗೆ ಹಾಕುವುದು ಕೈಗೆ ಸಿಗುವಷ್ಟು ಹತ್ತಿರ ಇರಬೇಕು ಅನ್ನುವುದು ಆಗ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು ಇನ್ನೂ ಹೋಗಿಲ್ಲ. ನಮ್ಮ ದೇಶ ಬಳಸುವ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ, ಅದರ ಬಹುಪಾಲು ಕೊಲ್ಲಿಯ ಅರಬ್ ದೇಶಗಳಿಂದ. ಅಲ್ಲಿ ಜಗಳವಾದಾಗಲೆಲ್ಲ ಮಂದ್ರೂಪದ ಗ್ಯಾಸ್ ಗಾಡಿಯ ಮುಂದೆ ಮಾತು ಬದಲಾಗುತ್ತದೆ. ಹಿತ್ತಲಿನ ತೊಗರಿ ಕಟ್ಟಿಗೆಗೆ ಆ ಚಿಂತೆ ಇಲ್ಲ.

ಇಷ್ಟು ಹೇಳಿದ್ದಕ್ಕೆ ನಾನು ಕಟ್ಟಿಗೆಯ ಪರ ಅಂದುಕೊಳ್ಳಬೇಡಿ. ಅಡುಗೆಮನೆಯ ಒಳಗಿನ ಕಟ್ಟಿಗೆ ಒಲೆಯನ್ನು ನಾನು ಮನಸಾರೆ ದ್ವೇಷಿಸುತ್ತೇನೆ. ಮದುವೆಯಾಗಿ ಬಂದಾಗ ನಮ್ಮ ಅಡುಗೆಮನೆಗೆ ಇದ್ದದ್ದು ಒಂದೇ ಬೆಳಕಿಂಡಿ. ರೊಟ್ಟಿ ಬಡಿಯುತ್ತ ಕೂತರೆ ಒಂದೂವರೆ ತಾಸು. ಮಳೆಗಾಲದಲ್ಲಿ ಹಸಿ ಕಟ್ಟಿಗೆ, ಊದುಗೊಳವೆ, ಕಣ್ಣು ತುಂಬ ನೀರು. ಶಾಲೆಗೆ ಹೋಗಿ ಹಾಜರಿ ಕರೆಯುವಾಗಲೂ ಸೀರೆಯಿಂದ ಹೊಗೆಯ ವಾಸನೆ ಬರುತ್ತಿತ್ತು, ಮುಂದಿನ ಸಾಲಿನ ಮಕ್ಕಳು ಅದನ್ನು ಹೇಳುತ್ತಲೂ ಇದ್ದರು. ಅತ್ತೆಗೆ ರಾತ್ರಿಯಿಡೀ ಕೆಮ್ಮು. ಅದನ್ನು ಅವರು ವಯಸ್ಸಿನ ಕೆಮ್ಮು ಅನ್ನುತ್ತಾರೆ, ನಾನು ಒಲೆಯ ಕೆಮ್ಮು ಅನ್ನುತ್ತೇನೆ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಲೆಕ್ಕ ಕೊಟ್ಟಿದೆ. ಅವರಲ್ಲಿ ಎಷ್ಟು ಜನ ನಮ್ಮಂಥ ಊರುಗಳ ಹೆಂಗಸರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸಂಬಳದ ಮೇಲೆ 1990ರ ದಶಕದಲ್ಲಿ ಮನೆಗೆ ಗ್ಯಾಸ್ ಬಂತು. ಆಗ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. 2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಬಡ ಮನೆಗಳಿಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಶುರುವಾಯಿತು. ಅದರ ಎಂಟು ಕೋಟಿಯನೇ ಸಂಪರ್ಕವನ್ನು 2019ರ ಸೆಪ್ಟೆಂಬರಿನಲ್ಲಿ ಕೊಟ್ಟದ್ದು ನಮ್ಮ ಮಹಾರಾಷ್ಟ್ರದ ಆಗಿನ ಔರಂಗಾಬಾದಿನಲ್ಲಿ. ನಮ್ಮ ಓಣಿಯಲ್ಲೂ ಕೂಲಿ ಮಾಡುವ ಮನೆಗಳಿಗೆ ಒಲೆ, ಸಿಲಿಂಡರ್ ಬಂದವು. ಬಂದವು ನಿಜ, ಆದರೆ ಅನೇಕ ಮನೆಗಳಲ್ಲಿ ಸಿಲಿಂಡರ್ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕೂತಿದೆ. ಚಹಾಕ್ಕೆ, ಬೀಗರು ಬಂದಾಗ ಮಾತ್ರ ಗ್ಯಾಸ್, ರೊಟ್ಟಿಗೆ ಮತ್ತೆ ಕಟ್ಟಿಗೆ. ರೊಟ್ಟಿಗೆ ಗ್ಯಾಸ್ ಬಹಳ ಹೋಗುತ್ತದೆ ಎಂದು ಅವರ ದೂರು. ಹೋಗುತ್ತದೆ. ಆದರೆ ಗ್ಯಾಸ್ ಉಳಿಸಬೇಕಾದ ಜಾಗ ರೊಟ್ಟಿಯ ಹಂಚಿನ ಕೆಳಗಲ್ಲ, ಸ್ನಾನದ ನೀರಿನಲ್ಲಿ. ನನ್ನ ಇಡೀ ವಾದ ಇಲ್ಲಿದೆ, ಲೆಕ್ಕ ಹಾಕಿಯೇ ಹೇಳುತ್ತೇನೆ. ಗಣಿತ ಕಲಿಸಿದ ಕೈ ಇದು.

ಸಂಕ್ರಾಂತಿಯ ಹೊತ್ತಿನಲ್ಲಿ ಟಾಕಿಯ ನೀರು ಇಪ್ಪತ್ತು ಡಿಗ್ರಿ ಇದೆ ಎಂದು ಹಿಡಿಯಿರಿ. ಮೈಗೆ ಹಿತವಾಗಲು ನಲವತ್ತು ಬೇಕು. ಒಬ್ಬರಿಗೆ ಒಂದು ಬಕೆಟ್, ಇಪ್ಪತ್ತು ಲೀಟರ್. ಅಷ್ಟು ನೀರನ್ನು ಅಷ್ಟು ಕಾಯಿಸಲು ಗೀಜರಿಗೆ ಸುಮಾರು 45 ಗ್ರಾಂ ಗ್ಯಾಸ್ ಬೇಕು. ಆರು ಜನಕ್ಕೆ ದಿನಕ್ಕೆ 270 ಗ್ರಾಂ. ಒಂದು ಸಿಲಿಂಡರಿನಲ್ಲಿರುವುದು 14.2 ಕಿಲೋ, ಐವತ್ತೆರಡು ದಿನಕ್ಕೆ ಖಾಲಿ. ಸಿಲಿಂಡರಿಗೆ 850 ರೂಪಾಯಿ ಎಂದು ಹಿಡಿದರೆ ಸ್ನಾನಕ್ಕೇ ತಿಂಗಳಿಗೆ ಐದುನೂರರ ಹತ್ತಿರ ಹೋಗುತ್ತದೆ. ಅದೂ ಬಕೆಟ್ ಲೆಕ್ಕ. ಮಕ್ಕಳು ಶವರ್ ಕೆಳಗೆ ನಿಂತರೆ ಈ ಲೆಕ್ಕ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಅಡುಗೆಗೆ ಒಂದು ಸಿಲಿಂಡರ್ ನಲವತ್ತು ದಿನ ಬರುತ್ತದೆ. ಗೀಜರ್ ಹಾಕಿದ ಮನೆಯ ಗಂಡಸು ಸಿಲಿಂಡರ್ ಬೇಗ ಮುಗಿಯಿತೆಂದು ಗದರುವುದು ಅಡುಗೆಮನೆಯಲ್ಲಿರುವವಳನ್ನು, ಸ್ನಾನ ಮಾಡಿದವರನ್ನಲ್ಲ. ಆಗ ಅವಳು ಮತ್ತೆ ಕಟ್ಟಿಗೆ ಒಲೆಯ ಮುಂದೆ ಕೂರುತ್ತಾಳೆ. ಹೊಗೆ ಹೊರಗೆ ಹೋಗಬೇಕಾದದ್ದು ಒಳಗೆ ಬಂತು, ಗ್ಯಾಸ್ ಒಳಗೆ ಇರಬೇಕಾದದ್ದು ಬಚ್ಚಲಿಗೆ ಹೋಯಿತು. ನಮ್ಮ ಓಣಿಯ ಎರಡು ಮನೆಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಖರ್ಚಿಗಿಂತ ದೊಡ್ಡ ಮಾತು ಜೀವದ್ದು.

ಹೋದ ವರ್ಷ ಮಾಘ ಮಾಸದಲ್ಲಿ ನನ್ನ ತಂಗಿಯ ಮಗಳ ಮನೆಯಲ್ಲಿ ನಡೆದದ್ದು. ನಗರದ ಫ್ಲ್ಯಾಟು. ಬಚ್ಚಲು ಸಣ್ಣದು, ನಾಲ್ಕು ಅಡಿಗೆ ಆರು ಅಡಿ. ಗ್ಯಾಸ್ ಗೀಜರನ್ನು ಅದರೊಳಗೇ ಬಾಗಿಲ ಮೇಲ್ಗಡೆ ಕೂರಿಸಿದ್ದರು. ಚಳಿ ಎಂದು ಕಿಟಕಿಯ ಗಾಜಿನ ಪಟ್ಟಿಗಳ ಸಂದಿಗೆ ರಟ್ಟು ತುರುಕಿದ್ದರು. ಭಾನುವಾರ ಬೆಳಗ್ಗೆ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರು. ಅಪ್ಪನಿಗೇನೂ ಆಗಲಿಲ್ಲ. ಅಣ್ಣ ತಲೆನೋವು ಅಂತ ಹೊರಗೆ ಬಂದ. ಮೂರನೆಯವಳು ಆ ಮನೆಯ ಹತ್ತು ವರ್ಷದ ಹುಡುಗಿ. ನೀರಿನ ಸದ್ದು ನಡೆದೇ ಇತ್ತು, ಚರಗಿ ನೆಲಕ್ಕೆ ಬಿದ್ದು ಉರುಳಿದ ಸದ್ದು ಬಂತು, ಆಮೇಲೆ ಕರೆದರೆ ಉತ್ತರ ಇಲ್ಲ. ಪಕ್ಕದ ಮನೆಯವರು ಬಂದು ಬಾಗಿಲು ಒದ್ದು ತೆಗೆದರು. ಹುಡುಗಿ ಗೋಡೆಗೆ ಆನಿಕೊಂಡು ಕುಸಿದಿದ್ದಳು. ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಹಚ್ಚಿ ಎರಡು ದಿನ ಇಟ್ಟುಕೊಂಡರು. ಉಳಿದಳು. ಈಗಲೂ ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಗೀಜರ್ ಕೂರಿಸಿ ಹೋದವನಿಗೆ ಫೋನ್ ಮಾಡಿದರೆ, ಎಲ್ಲಾ ಮನೆಯಲ್ಲೂ ಹಾಗೇ ಹಾಕ್ತೀವಿ ಅಂದನಂತೆ.

ಅವಳಿಗೆ ಏನಾಯಿತು ಎಂಬುದನ್ನು ಡಾಕ್ಟರು ಹೇಳಿದ ಮೇಲೆ ನಾನು ಕೂತು ಓದಿಕೊಂಡೆ. ಸಾಧಾರಣ ಗೀಜರಿನ ಉರಿ ಅಡುಗೆ ಒಲೆಯ ಐದಾರು ಬರ್ನರ್ ಒಟ್ಟಿಗೆ ಹೊತ್ತಿಸಿದಷ್ಟು ಜೋರು. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಲು ಹದಿನೈದು ಕಿಲೋಗಿಂತ ಹೆಚ್ಚು ಗಾಳಿ ಬೇಕು. ಅಂಥ ಸಣ್ಣ ಬಚ್ಚಲಲ್ಲಿ ಹತ್ತು ನಿಮಿಷ ಗೀಜರ್ ಉರಿದರೆ ಕೋಣೆಯ ಗಾಳಿಯಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಅದು ತಿಂದುಬಿಡುತ್ತದೆ. ಹೊಸ ಗಾಳಿ ಬರದಿದ್ದರೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಚಕ್ಕರ್, ಆಮೇಲೆ ಕಾಲಲ್ಲಿ ಶಕ್ತಿಯೇ ಇರುವುದಿಲ್ಲ, ಚಿಲಕದವರೆಗೆ ಕೈ ಎತ್ತಲೂ ಆಗುವುದಿಲ್ಲ. ಮೊದಲು ಹೋದವರಿಗಿಂತ ಕೊನೆಗೆ ಹೋದವರಿಗೆ ಅಪಾಯ ಹೆಚ್ಚು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಜನರಲ್ಲಿದೆ. "ಗ್ಯಾಸ್ ಸೋರಿದ್ರ ವಾಸನಿ ಬರ್ತದಲ್ಲ" ಎನ್ನುತ್ತಾರೆ. ಆ ವಾಸನೆ ಸಿಲಿಂಡರಿನ ಗ್ಯಾಸಿಗೆ ಬೇಕೆಂದೇ ಬೆರೆಸಿದ್ದು, ಸೋರಿದ್ದು ಗೊತ್ತಾಗಲಿ ಎಂದು. ಉರಿದ ಮೇಲೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ತೊಗರಿ ಕಟ್ಟಿಗೆಯ ಹೊಗೆ ನಮ್ಮನ್ನು ಎಬ್ಬಿಸಿ ಹೊರಗೆ ಅಟ್ಟುತ್ತದೆ. ಇದು ಮಲಗಿಸುತ್ತದೆ.

ನಮ್ಮ ಹಿರಿಯ ಹೆಂಗಸರಿಗೆ ಈ ವಿಷದ ಹೆಸರು ಗೊತ್ತಿರಲಿಲ್ಲ, ನಡೆ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಮನೆ ಬೆಚ್ಚಗಿಡಲು ಬೆಂಕಿ ಇಡುವುದು ಒಂದೇ ಕೋಣೆಯಲ್ಲಿ, ಬಾಣಂತಿಯ ಕೋಣೆಯಲ್ಲಿ. ಹೊರಸಿನ ಕೆಳಗೆ ಶೇಗಡಿ, ಅದರಲ್ಲಿ ಕುಳ್ಳಿನ ಕೆಂಡ, ಮೇಲೆ ಅಜವಾನದ ಕಾಳು. ಕಿಟಕಿಗೆ ಕಂಬಳಿ, ಬಾಗಿಲಿಗೆ ಕಂಬಳಿ. ನನ್ನ ಅಕ್ಕನ ಮೊದಲ ಬಾಣಂತನ ಪುಷ್ಯದ ಚಳಿಯಲ್ಲಿ. ಗಾಳಿ ಹೊಗುತ್ತದೆ ಎಂದು ದೊಡ್ಡವ್ವ ಕಿಟಕಿ ಪೂರ್ತಿ ಮುಚ್ಚಿದರೆ ಅವ್ವ ಹೋಗಿ ಕಂಬಳಿಯ ತುದಿ ಎತ್ತಿ ಗೂಟಕ್ಕೆ ಸಿಗಿಸಿ ಬರುತ್ತಿದ್ದಳು, ಅಂಗೈಯಗಲ ಸಂದಿ. "ಕೆಂಡಕ್ಕೂ ಉಸರಾಡಾಕ ಜಾಗಾ ಬೇಕು. ಅದಕ್ಕ ಸಿಗದಿದ್ರ ಕೂಸಿನ ಉಸರು ತಗೋತದ" ಅನ್ನುತ್ತಿದ್ದಳು. ಅಕ್ಷರ ಬಾರದವಳು. ಅವಳು ಅಂದದ್ದಕ್ಕಿಂತ ಸರಿಯಾಗಿ ನನಗೆ ಯಾವ ಪುಸ್ತಕವೂ ಇದನ್ನು ಹೇಳಲಿಲ್ಲ.

ಗೀಜರಿನ ಜೊತೆ ಕೊಡುವ ಕೈಪಿಡಿಯಲ್ಲಿ ಗಾಳಿಯಾಡುವ ಜಾಗದಲ್ಲಿ ಕೂರಿಸಿ ಎಂದು ಬರೆದಿರುತ್ತದೆ. ನಾನು ನೋಡಿದ ಕೈಪಿಡಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಅತ್ತೆ ಕನ್ನಡ ಮಾತಾಡುತ್ತಾರೆ, ಮರಾಠಿ ತಿಳಿಯುತ್ತದೆ, ಯಾವುದನ್ನೂ ಓದಲಾರರು. ಗಡಿಯ ಊರುಗಳಲ್ಲಿ ಇಂಥ ಮನೆಗಳು ಎಷ್ಟೋ ಇವೆ. ಗ್ಯಾಸ್ ಮನೆಗೆ ತರುವ ಹುಡುಗ ಬಾಯಿಮಾತಿನಲ್ಲಿ, ನಮ್ಮ ಮಾತಿನಲ್ಲಿ, ಎರಡು ನಿಮಿಷ ಹೇಳಿಹೋದರೆ ಒಂದು ಜೀವ ಉಳಿಯುತ್ತದೆ.

ಕರೆಂಟಿನ ಗೀಜರ್ ಯಾಕಾಗಬಾರದು ಎಂದು ಮಗನೇ ಕೇಳಿದ. ಆಗಬಹುದು. ಒಂದು ಬಕೆಟಿಗೆ ಅರ್ಧ ಯೂನಿಟ್ ಸಾಕು, ವಿಷದ ಭಯ ಇಲ್ಲ. ನಮ್ಮ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲೇ ಎನ್‌ಟಿಪಿಸಿಯ 1320 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ನಿಂತಿದೆ, ರಾತ್ರಿ ಅದರ ದೀಪಗಳು ದೂರದಿಂದ ಕಾಣುತ್ತವೆ. ಆದರೂ ನಮ್ಮಲ್ಲಿ ನಸುಕಿನಲ್ಲಿ ಕರೆಂಟ್ ಇರುತ್ತದೆಂಬ ಭರವಸೆ ಇಲ್ಲ. ಬೋರಿನ ಗಡಸು ನೀರಿಗೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಸೋಲಾರ್ ನನಗೆ ಇಷ್ಟ. ಸೊಲ್ಲಾಪುರದ ಬಿಸಿಲು ಗೊತ್ತಲ್ಲ, ಅದನ್ನು ಸುಮ್ಮನೆ ಸ್ಲ್ಯಾಬ್ ಸುಡಲು ಬಿಟ್ಟಿದ್ದೇವೆ. ಆದರೆ ಅದಕ್ಕೂ ಮೇಲೆ ಟಾಕಿಯಲ್ಲಿ ಸದಾ ನೀರಿರಬೇಕು. ಉಜನಿ ಅಣೆಕಟ್ಟು ತುಂಬಿದ ವರ್ಷಗಳಲ್ಲೂ ಸೊಲ್ಲಾಪುರ ಶಹರಕ್ಕೇ ನಾಲ್ಕೈದು ದಿನಕ್ಕೊಮ್ಮೆ ನಳ ಬಂದದ್ದಿದೆ. ನೀರು ಬಂದ ದಿನ ಕೊಡ, ಪೀಪಾಯಿ, ಬಂಬ ತುಂಬಿಟ್ಟುಕೊಳ್ಳುವ ನಮ್ಮಂಥವರಿಗೆ ಕೊಡದಿಂದ ಹೊಯ್ದರೂ ನಡೆಯುವ ಸಾಧನವೇ ಅನುಕೂಲ.

ಹಾಗಾದರೆ ಬಂಬವನ್ನು ಹೇಗಿದೆಯೋ ಹಾಗೇ ಬಿಡಬೇಕೇ? ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಅಲ್ಲಿನ ವಿಜ್ಞಾನಿಗಳು ಹಳ್ಳಿಗಳಿಗೆ ಹೋಗಿ ಯಾವ ಮನೆಯಲ್ಲಿ ಎಷ್ಟು ಕಟ್ಟಿಗೆ ಉರಿಯುತ್ತದೆ ಎಂದು ತೂಗಿ ನೋಡಿದವರು. ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಮನೆಗಳಿಗೆ ಹೋದದ್ದು ನಿಮಗೆ ನೆನಪಿರಬಹುದು. ಅವರು ಹಿಡಿದ ದಾರಿ ಸರಳ. ಕಟ್ಟಿಗೆ ಕಡಿಮೆ ಇರಲಿ, ಒಣಗಿರಲಿ, ಗಾಳಿ ಕೆಳಗಿನಿಂದ ಬರಲಿ, ಹೊಗೆ ಕೊಳವೆಯಿಂದ ಮೇಲೆ ಹೋಗಲಿ. ನಮ್ಮ ಬಂಬದಲ್ಲಿ ಇದರ ಅರ್ಧ ಮೊದಲೇ ಇದೆ. ಉಳಿದರ್ಧ ನಾವು ಮಾಡಿಕೊಳ್ಳಬೇಕು.

ದೀಪಾವಳಿಗೆ ಎಂಟು ದಿನ ಇರುವಾಗ ಮಗ ಬಂದ. ಗೀಜರಿನ ಪೆಟ್ಟಿಗೆ ತಂದೇಬಿಟ್ಟಿದ್ದ. ಕೂತು ಮಾತಾಡಿದೆವು. ಹುಡುಗಿಯ ಕತೆ ಅವನಿಗೂ ಗೊತ್ತಿತ್ತು, ಆದರೆ ಮೂರನೆಯವಳಿಗೇ ಯಾಕೆ ಹಾಗಾಯಿತು ಎಂಬುದು ಗೊತ್ತಿರಲಿಲ್ಲ. ಅವತ್ತೇ ಎದ್ದು ಅಳತೆ ಪಟ್ಟಿ ಹಿಡಿದು ನಮ್ಮ ಬಚ್ಚಲು ಅಳೆದ. ಐದು ಅಡಿಗೆ ಆರು. ಸುಮ್ಮನಾದ. ಗೀಜರ್ ಅಂಗಡಿಗೆ ಮರಳಿ ಹೋಯಿತು. ಆ ದುಡ್ಡಿನಲ್ಲಿ ಬಂಬವನ್ನು ಬಚ್ಚಲ ಪಕ್ಕದಿಂದ ಎಬ್ಬಿಸಿ ಹಿತ್ತಲ ತಗಡಿನ ಕೆಳಗೆ ಇಟ್ಟೆವು, ಮೂರು ಕಡೆ ಬಯಲು. ಹೊಗೆ ಕೊಳವೆಯನ್ನು ತಗಡಿಗಿಂತ ಎರಡು ಅಡಿ ಮೇಲಕ್ಕೆ ಏರಿಸಿದೆವು. ಕಟ್ಟಿಗೆ ನೆನೆಯದಂತೆ ಒಂದು ಮಾಡ ಕಟ್ಟಿಸಿದೆವು. ಅಡುಗೆಮನೆಯಲ್ಲಿ ರೊಟ್ಟಿಗೆಂದು ಉಳಿಸಿಕೊಂಡಿದ್ದ ಮಣ್ಣಿನ ಒಲೆಯನ್ನು ನಾನೇ ಹಾರೆ ಹಿಡಿದು ಒಡೆದೆ. ಅತ್ತೆ ಒಂದು ಮಾತೂ ಆಡಲಿಲ್ಲ. ಒಡೆದ ಮಣ್ಣನ್ನು ಮರುದಿನ ತುಳಸಿಕಟ್ಟೆಗೆ ಹಾಕಿದರು. ಇನ್ನು ಬಂಬ ಹೊತ್ತಿಸುವ ಸರದಿ ವಾರಕ್ಕೆ ಮೂರು ದಿನ ಮನೆಯ ಗಂಡಸರದು ಎಂದು ತೀರ್ಮಾನ ಮಾಡಿದೆವು. ಇದನ್ನು ನಾನೇ ಹಟ ಹಿಡಿದು ಮಾಡಿಸಿದೆ.

ನಿಮ್ಮಲ್ಲಿ ಕಟ್ಟಿಗೆ ಇಲ್ಲದಿರಬಹುದು, ಹಿತ್ತಲು ಇಲ್ಲದಿರಬಹುದು. ಗ್ಯಾಸ್ ಗೀಜರೇ ಬೇಕಾದರೆ ಅದನ್ನು ಬಚ್ಚಲ ಹೊರಗಿನ ಗೋಡೆಗೆ, ಬಯಲಿನ ಕಡೆ ಕೂರಿಸಿ, ಬರೀ ಬಿಸಿನೀರಿನ ನಳ ಒಳಗೆ ಬರಲಿ. ಸಿಲಿಂಡರ್ ಬಚ್ಚಲೊಳಗೆ ಖಂಡಿತ ಬೇಡ, ಆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ಈಗಾಗಲೇ ಒಳಗೆ ಹಾಕಿಸಿಬಿಟ್ಟಿದ್ದರೆ, ಹೊರಗೆ ಹಾಕಿಸುವವರೆಗೆ ಬಕೆಟ್ ತುಂಬಿಸಿಕೊಂಡು, ಗೀಜರ್ ಆರಿಸಿ, ಬಾಗಿಲು ಕಿಟಕಿ ತೆರೆದು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಕಿಟಕಿಗೆ ತುರುಕಿದ ರಟ್ಟು, ಬಟ್ಟೆ ಇವತ್ತೇ ತೆಗೆಯಿರಿ. ನಾಳೆ ಬೆಳಗ್ಗೆ ಮಕ್ಕಳು ಸ್ನಾನಕ್ಕೆ ಹೋಗುವ ಮೊದಲು ತೆಗೆಯಿರಿ.